ಶಿಬಿರದ ಬಾಗಿಲು ಈ ಮಕ್ಕಳಿಗೂ ತೆರೆಯಲಿ

ಏಪ್ರಿಲ್ ಬಂತೆಂದರೆ ನಮ್ಮ ಜಿಲ್ಲೆಯ ಊರೂರಲ್ಲಿ ಬೇಸಿಗೆ ಶಿಬಿರದ ಪೋಸ್ಟರ್ ಕಾಣುತ್ತದೆ. ಚಿತ್ರಕಲೆ, ಕರಾಟೆ, ಈಜು, ನಾಟಕ, ಜಮಾಅತ್‌ಗಳು ನಡೆಸುವ ಧಾರ್ಮಿಕ ಶಿಬಿರ, ಎಲ್ಲವೂ ಉಂಟು. ಎಷ್ಟನೇ ತರಗತಿಯವರಿಗೆ, ಎಷ್ಟು ಶುಲ್ಕ ಎಂದೆಲ್ಲ ಅದರಲ್ಲಿ ಬರೆದಿರುತ್ತದೆ. ಆದರೆ ಆಟಿಸಂ ಇರುವ, ಕಿವಿ ಕೇಳದ, ಗಾಲಿಕುರ್ಚಿ ಬಳಸುವ, ಕಲಿಕೆ ನಿಧಾನ ಇರುವ ಮಗು ಬರಬಹುದೇ ಎಂಬುದು ಮಾತ್ರ ಇರುವುದಿಲ್ಲ. ಉಮ್ಮ ಫೋನ್ ಮಾಡಿ ವಿಚಾರಿಸಿದರೆ, "ಅಂಥ ಮಕ್ಕಳಿಗೆ ಬೇರೆ ಕಡೆ ಇರಬಹುದು, ನೋಡಿ" ಅಂತ ಹೇಳ್ತಾರೆ. ಆ ಬೇರೆ ಕಡೆ ಎಲ್ಲಿ ಅಂತ ಹೇಳುವವರಿಲ್ಲ.

ಮಕ್ಕಳು ನಾಲ್ಕು ದಿನ ಆಡಿಕೊಂಡು ಬರಲಿ ಎನ್ನುವಷ್ಟು ಸಣ್ಣ ವಿಷಯ ಇದಲ್ಲ. ಸಾಲಿನಲ್ಲಿ ಕಾಯುವುದು, ತಾನೇ ಊಟ ಮಾಡುವುದು, ಇತರರ ಜೊತೆ ಕೂರುವುದು, ಇಂಥದ್ದನ್ನು ಕಲಿಯಲಿಕ್ಕೆ ಕೆಲವು ಮಕ್ಕಳಿಗೆ ಇಡೀ ವರ್ಷ ಬೇಕು. ಒಂದೂವರೆ ತಿಂಗಳು ಕೋಣೆಯಲ್ಲಿ ಮೊಬೈಲ್ ಹಿಡಿದು ಕೂತರೆ ಕಲಿತದ್ದು ಹಿಂದೆ ಹೋಗುತ್ತದೆ. ಬಾಪ ಗಲ್ಫ್‌ನಲ್ಲಿರುವ ಮನೆಯಲ್ಲಿ ಉಮ್ಮ ಒಬ್ಬಳೇ ಹಗಲೂ ರಾತ್ರಿ ನೋಡಿಕೊಳ್ಳಬೇಕು. ಮದುವೆ ಸೀಸನ್‌ನಲ್ಲಿ ಎಷ್ಟೋ ಉಮ್ಮಂದಿರು ಜನ ಏನಾದರೂ ಹೇಳ್ತಾರೆ ಎಂದು ಮಗುವಿನೊಂದಿಗೆ ಮನೆಯಲ್ಲೇ ಉಳಿಯುತ್ತಾರೆ.

ಇದು ದಯೆ ತೋರಿಸುವ ಮಾತೂ ಅಲ್ಲ, ಹಕ್ಕಿನ ಮಾತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯಗಳನ್ನು ಹೆಸರಿಸಲಾಗಿದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ, ಕಲಿಕಾ ನ್ಯೂನತೆ ಎಲ್ಲ ಅದರಲ್ಲಿ ಸೇರಿವೆ. ಸಾಂಸ್ಕೃತಿಕ ಜೀವನ ಮತ್ತು ಮನರಂಜನೆಯಲ್ಲಿ ಇವರಿಗೆ ಉಳಿದವರಷ್ಟೇ ಹಕ್ಕು ಉಂಟು, ಅದನ್ನು ಸರಕಾರ ಮತ್ತು ಸ್ಥಳೀಯ ಸಂಸ್ಥೆಗಳು ಕಾಪಾಡಬೇಕು ಎಂದು 29ನೇ ಸೆಕ್ಷನ್ ಹೇಳುತ್ತದೆ.

ಹಾಗಾದರೆ ಹುಡುಕುವುದು ಎಲ್ಲಿ? ಮೊದಲು ಮಗುವಿನ ಶಿಕ್ಷಕರು ಮತ್ತು ಥೆರಪಿಸ್ಟ್ ಹತ್ತಿರ ಕೇಳಿ. ಪ್ರತೀ ತಾಲೂಕಿನ ಬಿಆರ್‌ಸಿಯಲ್ಲಿ ವಿಶೇಷ ಅಗತ್ಯವುಳ್ಳ ಮಕ್ಕಳಿಗೆಂದೇ ಬಿಐಇಆರ್‌ಟಿ ಎಂಬ ಸಂಪನ್ಮೂಲ ಶಿಕ್ಷಕರ ವ್ಯವಸ್ಥೆ ಉಂಟು. ಅವರಿಗೆ ಊರಿನ ಪರಿಸ್ಥಿತಿ ಗೊತ್ತಿರುತ್ತದೆ. ಮಂಗಳೂರಿನ ಸಂತ ಆಗ್ನೆಸ್ ವಿಶೇಷ ಶಾಲೆ, ಶಕ್ತಿನಗರದ ಸಾನಿಧ್ಯದಂಥ ಕಡೆ ಇಂಥ ಮಕ್ಕಳೊಂದಿಗೆ ವರ್ಷಗಳಿಂದ ಕೆಲಸ ಮಾಡಿದವರಿದ್ದಾರೆ, ಅಲ್ಲಿಯೂ ವಿಚಾರಿಸಬಹುದು. ಮಾರ್ಚ್‌ನಲ್ಲೇ ಕೇಳಿದರೆ ಒಳ್ಳೆಯದು.

ವಿಶೇಷ ಮಕ್ಕಳದ್ದೇ ಶಿಬಿರ ಬೇಕೆಂದೇನೂ ಇಲ್ಲ. ಹತ್ತಿರದ ಸಾಮಾನ್ಯ ಶಿಬಿರವೇ ಕೆಲವು ಮಕ್ಕಳಿಗೆ ಸಾಕು, ಅಣ್ಣ ಅಥವಾ ತಂಗಿ ಜೊತೆಗಿದ್ದರೆ ಇನ್ನೂ ಸುಲಭ. ಆದರೆ ಸೇರಿಸುವ ಮೊದಲು ಜಾಗ ನೋಡಿ ಬನ್ನಿ. ಎಷ್ಟು ಮಕ್ಕಳಿಗೆ ಒಬ್ಬರು ನೋಡಿಕೊಳ್ಳುವವರು? ಗೇಟು ಹಾಕಿರುತ್ತಾರಾ? ಹತ್ತಿರ ಬಾವಿ, ಕೆರೆ, ಹೊಳೆ ಉಂಟಾ? ನಮ್ಮ ಕರಾವಳಿಯಲ್ಲಿ ನೀರು ಹತ್ತಿರವೇ, ಹೇಳದೆ ಹೊರಗೆ ಹೋಗುವ ಮಗುವಿಗೆ ಇದು ದೊಡ್ಡ ಅಪಾಯ. ಟಾಯ್ಲೆಟ್‌ಗೆ ಯಾರು ಕರೆದುಕೊಂಡು ಹೋಗುತ್ತಾರೆ? ಮೈಕಿನ ಶಬ್ದಕ್ಕೆ ಹೆದರಿದರೆ ಸ್ವಲ್ಪ ಹೊತ್ತು ಕೂರಲಿಕ್ಕೆ ಬೇರೆ ಕೋಣೆ ಉಂಟಾ? ಹನ್ನೆರಡು ವರ್ಷದವನನ್ನು ಐದು ವರ್ಷದವರ ಸಾಲಿನಲ್ಲಿ ಕೂರಿಸುವುದಾದರೆ ಬೇಡ ಅನ್ನಿ, ಅವನಿಗೂ ಮರ್ಯಾದೆ ಉಂಟು.

ಮಾತು ಬಾರದ ಮಗು ತನಗಾದ ತೊಂದರೆಯನ್ನು ಮನೆಗೆ ಬಂದು ಹೇಳಲಾರದು. ಆದ್ದರಿಂದ ಯಾವ ದೊಡ್ಡವರೂ ಮಗುವಿನ ಜೊತೆ ಒಂಟಿಯಾಗಿ ಮುಚ್ಚಿದ ಕೋಣೆಯಲ್ಲಿ ಇರಬಾರದು ಎಂಬ ನಿಯಮ ಅಲ್ಲಿ ಇರಬೇಕು. ಇದನ್ನು ಕೇಳಲಿಕ್ಕೆ ಸಂಕೋಚ ಬೇಡ. ಏನಾದರೂ ಸಂಶಯ ಬಂದರೆ 1098ಕ್ಕೆ ಕರೆ ಮಾಡಿ.

ಮನೆಯವರೂ ಒಂದು ಕಾಗದದಲ್ಲಿ ಬರೆದು ಕೊಡಬೇಕು: ಮಗುವಿಗೆ ಏನು ಇಷ್ಟ, ಯಾವುದಕ್ಕೆ ಹೆದರುತ್ತಾನೆ, ಬಾಯಾರಿಕೆಯಾದರೆ ಹೇಗೆ ತಿಳಿಸುತ್ತಾನೆ, ಯಾವ ಮದ್ದು ಎಷ್ಟು ಗಂಟೆಗೆ. ಅಪಸ್ಮಾರ ಇದ್ದರೆ ಮುಚ್ಚಿಡಬೇಡಿ. ರಜೆ ಎಂದು ಮದ್ದು ನಿಲ್ಲಿಸಬೇಡಿ. ಮೊದಲ ಎರಡು ಮೂರು ದಿನ ಒಂದೆರಡು ಗಂಟೆ ಸಾಕು, ಮಗು ಹೊಂದಿಕೊಂಡರೆ ಮುಂದೆ ನೋಡೋಣ.

ಹದಿನೈದು ದಿನದಲ್ಲಿ ಮಾತು ಬರಿಸುತ್ತೇವೆ, ಆಟಿಸಂ ಗುಣ ಮಾಡುತ್ತೇವೆ ಎಂದು ದುಡ್ಡು ಕೇಳುವವರಿಂದ ದೂರ ಇರಿ. ಶಿಬಿರಕ್ಕೆ ಹೋಗಿ ಆಟಿಸಂ ಹೋಗುವುದಿಲ್ಲ. ಮಗುವಿಗೆ ಒಬ್ಬ ಗೆಳೆಯ ಸಿಗಬಹುದು, ಒಂದು ಹೊಸ ಆಟ ಬರಬಹುದು. ಅದೇನೂ ಸಣ್ಣದಲ್ಲ.

ಇನ್ನು ನಮ್ಮ ಜಮಾಅತ್ ಕಮಿಟಿಯವರಿಗೆ ಒಂದು ಮಾತು. ಬೆಳಗ್ಗಿನ ತರಗತಿ ಬಿಟ್ಟ ಮೇಲೆ ಮದ್ರಸದ ಹಾಲ್ ಖಾಲಿ ಇರುತ್ತದೆ. ಮೊಹಲ್ಲಾದಲ್ಲಿ ಬಿ.ಎಡ್. ಮಾಡಿದ, ನರ್ಸಿಂಗ್ ಕಲಿತ ಹೆಣ್ಣುಮಕ್ಕಳಿದ್ದಾರೆ. ಒಂದು ವಾರ, ದಿನಕ್ಕೆ ಎರಡು ಗಂಟೆ, ವಿಶೇಷ ಶಿಕ್ಷಕರೊಬ್ಬರ ಮಾರ್ಗದರ್ಶನದಲ್ಲಿ ಎಲ್ಲ ಮಕ್ಕಳೂ ಸೇರುವ ಶಿಬಿರ ಮಾಡಲಿಕ್ಕೆ ದೊಡ್ಡ ಖರ್ಚಿಲ್ಲ. ಒಬ್ಬ ಸಹಾಯಕಿಯ ಸಂಬಳ, ಮೆಟ್ಟಿಲ ಮೇಲೆ ಒಂದು ಇಳಿಜಾರು ಹಲಗೆ, ದೂರದ ಮಗುವಿಗೆ ರಿಕ್ಷಾ ಬಾಡಿಗೆ ಇಷ್ಟು ಹೊಂದಿಸಿದರೆ ಶುರು ಮಾಡಬಹುದು. ವಾರ್ಷಿಕ ಕಾರ್ಯಕ್ರಮದ ಪೆಂಡಾಲ್, ಲೈಟಿಂಗ್‌ಗೆ ನಾವು ಇದಕ್ಕಿಂತ ಹೆಚ್ಚು ಖರ್ಚು ಮಾಡುತ್ತೇವೆ.

ಶಿಬಿರ ನಡೆಸುವ ಎಲ್ಲರಲ್ಲೂ ವಿನಂತಿ ಇಷ್ಟೇ. ಮುಂದಿನ ಪೋಸ್ಟರ್‌ನಲ್ಲಿ ಶುಲ್ಕದ ಕೆಳಗೆ ಇನ್ನೊಂದು ಸಾಲು ಸೇರಿಸಿ: "ವಿಶೇಷ ಅಗತ್ಯವುಳ್ಳ ಮಕ್ಕಳಿಗೂ ಅವಕಾಶ ಉಂಟು, ಮುಂಚಿತವಾಗಿ ಫೋನ್ ಮಾಡಿ." ಫೋನ್ ಬಂದಾಗ ಏನು ಉತ್ತರ ಕೊಡಬೇಕೆಂದು ಈಗಲೇ ತಯಾರಿ ಮಾಡಿಕೊಳ್ಳಿ.