ರೇಖೆಯ ಚಿಲಿಪಿಲಿ

ಚಿತ್ರವೊಂದನ್ನು ಕಂಡೊಡನೆ ‘ಇದು ಯಾವುದರ ಚಿತ್ರ?’ ಎಂದು ಕೇಳುವುದು ಮನುಷ್ಯಸ್ವಭಾವ. ಉತ್ತರ ಥಟ್ಟನೆ ಹೊಳೆಯದಿದ್ದರೆ, ‘ಇಂಥದನ್ನು ಮಕ್ಕಳೂ ಗೀಚಿಯಾರು’ ಎಂದು ಮುಖ ತಿರುಗಿಸುವವರೇ ಹೆಚ್ಚು. ಆದರೆ ವಸ್ತುವಿನ ರೂಪವನ್ನು ನಕಲು ಮಾಡುವುದಷ್ಟೇ ರೇಖೆಯ ಕೆಲಸವಲ್ಲ. ರಾಗದ ಆಲಾಪನೆಯಲ್ಲಿ ಮಾತಿಲ್ಲ. ಆದರೂ ಅದು ಕೇಳುವವರ ಮನಸ್ಸನ್ನು ಮುಟ್ಟುತ್ತದೆ. ರೇಖೆಗೂ ಅಂತಹ ಸ್ವತಂತ್ರ ಶಕ್ತಿಯುಂಟು.

ಈ ಶಕ್ತಿಯನ್ನು ಚೆನ್ನಾಗಿ ಅರಿತಿದ್ದ ಕಲಾವಿದ ಪಾಲ್ ಕ್ಲೇ. 1879ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಜನಿಸಿದ ಆತ ನುರಿತ ಪಿಟೀಲುವಾದಕನೂ ಆಗಿದ್ದನು. ಜರ್ಮನಿಯ ಬೌಹೌಸ್ ಕಲಾಶಾಲೆಯಲ್ಲಿ ಅಧ್ಯಾಪಕನಾಗಿದ್ದಾಗ, 1922ರಲ್ಲಿ, ‘ಚಿಲಿಪಿಲಿ ಯಂತ್ರ’ ಎಂಬ ಪುಟ್ಟ ಚಿತ್ರವನ್ನು ರಚಿಸಿದನು. ಅದರ ಎತ್ತರ ಸುಮಾರು 41 ಸೆಂಟಿಮೀಟರು. ಅಗಲ ಸುಮಾರು 30 ಸೆಂಟಿಮೀಟರು. ಕಪ್ಪು ಎಣ್ಣೆಬಣ್ಣ ಬಳಿದ ಹಾಳೆಯನ್ನು ಬೇರೊಂದು ಕಾಗದದ ಮೇಲೆ ಬೋರಲಾಗಿಸಿ, ಮೇಲಿನಿಂದ ಚೂಪಾದ ಮೊನೆಯಲ್ಲಿ ಗೀರಿ, ಆತ ರೇಖೆಗಳನ್ನು ಕೆಳಗಿನ ಕಾಗದಕ್ಕೆ ಇಳಿಸಿದನು. ಆದುದರಿಂದಲೇ ಅಲ್ಲಲ್ಲಿ ಮಸಿ ಹರಡಿದಂತೆ ಕಾಣುತ್ತದೆ. ಹಿನ್ನೆಲೆಯಲ್ಲಿ ನೀಲಿ, ನೇರಳೆಯ ತೆಳುಬಣ್ಣ.

ಡೊಂಕಾದ ತಂತಿಯೊಂದರ ಮೇಲೆ ನಾಲ್ಕು ಹಕ್ಕಿಗಳಿವೆ. ಅವಕ್ಕೆ ಗರಿಯಿಲ್ಲ, ಮಾಂಸವಿಲ್ಲ. ಇರುವುದು ಕಡ್ಡಿಯಂತಹ ಮೈ, ತೆರೆದ ಕೊಕ್ಕು. ತಂತಿಯ ತುದಿಯಲ್ಲಿ ತಿರುಗಿಸುವ ಹಿಡಿಕೆಯಿದೆ. ಯಾರೋ ಅದನ್ನು ತಿರುಗಿಸಿದರೆ ಹಕ್ಕಿಗಳು ಹಾಡಬೇಕು! ಆ ಹಾಡು ಹಕ್ಕಿಗಳ ಸಂತೋಷವೋ, ಯಂತ್ರದ ಬಲವಂತವೋ? ನೋಡುವವರಿಗೆ ಮೊದಲು ನಗು ಬರುತ್ತದೆ. ಬಳಿಕ ಮರುಕ ಹುಟ್ಟುತ್ತದೆ. ಗರಿಗರಿಯನ್ನೂ ತಿದ್ದಿ ಬರೆದಿದ್ದರೆ ಕಣ್ಣು ಹಕ್ಕಿಗಳ ಚೆಲುವಿನಲ್ಲಿಯೇ ನಿಂತುಬಿಡುತ್ತಿತ್ತು. ಈ ಪ್ರಶ್ನೆ ಏಳುತ್ತಿರಲಿಲ್ಲ. ಬಿಟ್ಟದ್ದರಿಂದಲೇ ಈ ಚಿತ್ರ ಹೆಚ್ಚು ಹೇಳುತ್ತದೆ.

ತಿಳಿಯದುದನ್ನು ಹೀಗಳೆಯುವ ಅವಸರಕ್ಕೆ ಅಧಿಕಾರದ ಬಲ ಕೂಡಿದರೆ ಅನರ್ಥವಾಗುತ್ತದೆ. ನಾಜಿಗಳು ಅಧಿಕಾರಕ್ಕೆ ಬಂದ 1933ರಲ್ಲಿ ಕ್ಲೇ ತನ್ನ ಅಧ್ಯಾಪಕ ಹುದ್ದೆಯನ್ನು ಕಳೆದುಕೊಂಡು ಜರ್ಮನಿಯನ್ನು ತೊರೆದನು. 1937ರಲ್ಲಿ ಮ್ಯೂನಿಕ್ ನಗರದಲ್ಲಿ ‘ಅವನತ ಕಲೆ’ ಎಂಬ ಹೆಸರಿನ ಪ್ರದರ್ಶನವನ್ನು ಏರ್ಪಡಿಸಿ, ಆಧುನಿಕ ಕಲಾವಿದರ ಕೃತಿಗಳನ್ನು ಅಪಹಾಸ್ಯಕ್ಕೆ ಗುರಿಮಾಡಲಾಯಿತು. ಕ್ಲೇಯ ಕೃತಿಗಳೂ ಅಲ್ಲಿದ್ದವು. ಅದೇ ವರ್ಷ ‘ಚಿಲಿಪಿಲಿ ಯಂತ್ರ’ವನ್ನು ಬರ್ಲಿನ್ನಿನ ರಾಷ್ಟ್ರೀಯ ಚಿತ್ರಶಾಲೆಯಿಂದ ಕಿತ್ತೊಯ್ದರು. 1939ರಲ್ಲಿ ಅದು ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯವನ್ನು ಸೇರಿ ಉಳಿಯಿತು.

ಇಂತಹ ಚಿತ್ರಗಳನ್ನು ಎಲ್ಲರೂ ಮೆಚ್ಚಲೇಬೇಕೆಂಬ ನಿಯಮವಿಲ್ಲ. ಆದರೆ ಮೆಚ್ಚದಿರುವುದಕ್ಕೂ ಮೊದಲು ನೋಡಬೇಕು. ರೇಖೆ ಎಲ್ಲಿ ಹೊರಟಿತು, ಎಲ್ಲಿ ಬಳುಕಿತು, ಎಲ್ಲಿ ತಡೆಯಿತು ಎಂದು ಕಣ್ಣು ಅದರ ಬೆನ್ನು ಹಿಡಿದು ಸಾಗಬೇಕು. ಅಷ್ಟು ತಾಳ್ಮೆ ತೋರಿದವರಿಗೆ ಮಾತ್ರ ತೀರ್ಪು ಹೇಳುವ ಅರ್ಹತೆಯುಂಟು.