ಯೂನಿಫಾರ್ಮ್ ಕಳಚಿದ ಮೇಲಿನ ನಲವತ್ತು ವರ್ಷ

ಮಾಜಿ ಸೈನಿಕರು ತೀರಿಕೊಂಡಾಗ ನಮ್ಮ ಕಡೆ ಹಾಕೋ ಫ್ಲೆಕ್ಸ್ ನೋಡಿದ್ದೀರಾ? ಯೂನಿಫಾರ್ಮ್ ಫೋಟೋ, ಹಿಂದೆ ಬಾವುಟ, ಕೆಳಗೆ 'ವೀರಯೋಧನಿಗೆ ನಮನ'. 2019ರಲ್ಲಿ ನಮ್ಮ ಸೋದರಮಾವ ತೀರಿಕೊಂಡಾಗಲೂ ಮಧುಗಿರಿ ಹತ್ತಿರದ ನಮ್ಮೂರಲ್ಲಿ ಇಂಥದ್ದೇ ಒಂದು ನಿಂತಿತ್ತು. ತಪ್ಪೇನಿಲ್ಲ ಬಿಡಿ. ಆದರೆ ಅವರು ಸೈನ್ಯದಲ್ಲಿದ್ದದ್ದು 16 ವರ್ಷ, ಆಮೇಲೆ ಬದುಕಿದ್ದು 40 ವರ್ಷ. ಆ 40 ವರ್ಷದ ಬಗ್ಗೆ ಅದರಲ್ಲಿ ಒಂದಕ್ಷರವೂ ಇರಲಿಲ್ಲ. ದೇಶಸೇವೆ ಅಂದರೆ ಬರೀ ಗಡಿ ಅಂತ ನಾವು ತೀರ್ಮಾನಿಸಿಬಿಟ್ಟಿದ್ದೀವಿ. ನನ್ನ ತಕರಾರು ಇಷ್ಟೇ.

ಚೀನಾ ಯುದ್ಧ ಮುಗಿದು ಸೈನ್ಯವನ್ನು ದೊಡ್ಡದು ಮಾಡುತ್ತಿದ್ದ ಕಾಲ. 1963ರಲ್ಲಿ, 19ರ ವಯಸ್ಸಿಗೆ, ಮಾವ ಬೆಂಗಳೂರಿನ ಹಲಸೂರು ಕೆರೆ ಪಕ್ಕದ ಮದ್ರಾಸ್ ಎಂಜಿನಿಯರ್ ಗ್ರೂಪ್ ಸೇರಿದರು. 1780ರಿಂದ ಇರುವ ಹಳೇ ಪಡೆ ಅದು. ಸೇತುವೆ ಕಟ್ಟೋದು, ನೆಲಬಾಂಬು ತೆಗೆಯೋದು, ದಾರಿ ಮಾಡೋದು, ನೀರಿನ ವ್ಯವಸ್ಥೆ ನೋಡೋದು ಇವರ ಕೆಲಸ. 1965, 1971 ಎರಡೂ ಕಂಡವರು. ಯುದ್ಧದ ಕಥೆ ಹೇಳಿ ಅಂದರೆ ಸೇತುವೆ ಕಥೆ ಹೇಳೋರು! ನಮಗೆ ಚಿಕ್ಕಂದಿನಲ್ಲಿ ನಿರಾಶೆಯಾಗ್ತಿತ್ತು.

1979ರಲ್ಲಿ ವಾಪಸ್ ಬಂದು ತುಮಕೂರಿನ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿ ಸೆಕ್ಯುರಿಟಿ ಕೆಲಸಕ್ಕೆ ಸೇರಿದರು. 2002ರಲ್ಲಿ ನಿವೃತ್ತಿ. (2016ರಲ್ಲಿ ಎಚ್‌ಎಂಟಿ ವಾಚ್ ಕಂಪನಿಯನ್ನೇ ಮುಚ್ಚುವ ತೀರ್ಮಾನವಾಯಿತು. ಆ ದಿನ ಮಾವ ಕೈಗಡಿಯಾರಕ್ಕೆ ಕೀಲಿ ಕೊಟ್ಟು ಸುಮ್ಮನೆ ಕೂತಿದ್ದರು.)

ನನ್ನ ಲೆಕ್ಕದಲ್ಲಿ ಅವರ ದೊಡ್ಡ ಕೆಲಸ ಶುರುವಾಗಿದ್ದೇ ನಿವೃತ್ತಿಯ ನಂತರ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ - ಈ ನಾಲ್ಕು ತಾಲೂಕಿನಲ್ಲಿ ಎಲ್ಲೇ ಮಾಜಿ ಸೈನಿಕರ ಹೆಂಡತಿಗೆ ಪಿಂಚಣಿ ನಿಂತಿದೆ ಅಂತ ಗೊತ್ತಾದರೂ ಬಸ್ ಹತ್ತಿಬಿಡೋರು. ಗಂಡ ಸತ್ತ ಮೇಲೆ ಕುಟುಂಬ ಪಿಂಚಣಿ ಬರಬೇಕಾದರೆ ಸೈನ್ಯದ ದಾಖಲೆಯಲ್ಲಿರುವ ಹೆಸರೂ ಆಧಾರ್, ಬ್ಯಾಂಕ್ ಪುಸ್ತಕದಲ್ಲಿರುವ ಹೆಸರೂ ಹೊಂದಬೇಕು. ನಮ್ಮ ಹಳ್ಳಿಗಳಲ್ಲಿ ಇದು ಹೊಂದೋದುಂಟೇ? ಅಲ್ಲಿ ಲಕ್ಷ್ಮಮ್ಮ, ಇಲ್ಲಿ ಲಕ್ಷ್ಮೀದೇವಮ್ಮ! ಸರಿ ಮಾಡಿಸೋಣ ಅಂದರೆ ದಾಖಲೆ ಕಚೇರಿ ರೆಜಿಮೆಂಟಿಗೊಂದು ಊರು. ಮದ್ರಾಸ್ ರೆಜಿಮೆಂಟಿನವರಿಗೆ ನೀಲಗಿರಿಯ ವೆಲಿಂಗ್ಟನ್, ಫಿರಂಗಿ ದಳದವರಿಗೆ ನಾಸಿಕ್. ಪಾವಗಡದಿಂದ ಜಿಲ್ಲಾ ಕೇಂದ್ರ ತುಮಕೂರೇ ಸುಮಾರು 100 ಕಿಲೋಮೀಟರ್. ಓದು ಬಾರದ ಅಜ್ಜಿ ನಾಸಿಕ್‌ಗೆ ಯಾವ ಭಾಷೆಯಲ್ಲಿ ಪತ್ರ ಬರೀಬೇಕು, ನೀವೇ ಹೇಳಿ.

ಮಾವ ಬರೀತಿದ್ದರು. ಡಿಸ್ಚಾರ್ಜ್ ಬುಕ್ ಹುಡುಕಿಸಿ, ಅಫಿಡವಿಟ್ ಮಾಡಿಸಿ, ರಿಜಿಸ್ಟರ್ಡ್ ಪೋಸ್ಟ್ ಕಳಿಸಿ, ರಸೀದಿಯನ್ನು ಅಜ್ಜಿಯ ಕೈಗೇ ಕೊಡೋರು. ಪಾವಗಡದ ಕಡೆ ಮನೆಮಾತು ತೆಲುಗು. ದಕ್ಷಿಣದ ಎಲ್ಲ ಭಾಷೆಯವರ ಜೊತೆ ಬ್ಯಾರಕ್ಕಿನಲ್ಲಿದ್ದವರಿಗೆ ಅದೇನೂ ಕಷ್ಟವಾಗಲಿಲ್ಲ. ಒಂದು ಕಾಫಿ ಬಿಟ್ಟು ಬೇರೇನೂ ಮುಟ್ಟುತ್ತಿರಲಿಲ್ಲ.

ಇನ್ನೊಂದು ನಮ್ಮೂರ ಕೆರೆ. ಕೆರೆ ತುಂಬದಿದ್ದರೆ ಎಲ್ಲರೂ ಹೂಳು ತೆಗೀರಿ ಅಂತಾರೆ. ಮಾವ ಮೊದಲು ನೋಡಿದ್ದು ನೀರು ಬರೋ ಕಾಲುವೆಯನ್ನು. ಅದು ಅಲ್ಲಲ್ಲಿ ಹೊಲಗಳೊಳಗೆ ಕರಗಿಹೋಗಿತ್ತು. ತಮ್ಮ ಹೊಲಕ್ಕೆ ಸೇರಿಹೋಗಿದ್ದ ಎರಡು ಗುಂಟೆಯನ್ನು ಮೊದಲು ಬಿಟ್ಟುಕೊಟ್ಟು, ಆಮೇಲೆ ಪಕ್ಕದವರ ಮನೆ ಬಾಗಿಲು ತಟ್ಟಿದರು. ಇಬ್ಬರು ಬಿಟ್ಟರು, ಒಬ್ಬರು ಬೈದರು. ಬೈದವರು ಸಾಯೋವರೆಗೂ ಮಾತಾಡಲಿಲ್ಲ. ಕಾಲುವೆಯಲ್ಲಿ ಮಾತ್ರ ನೀರು ಬಂತು.

'ಇದೆಲ್ಲ ಸರ್ಕಾರ ಮಾಡಬೇಕಾದ ಕೆಲಸ, ಇವರಿಗ್ಯಾಕೆ?' ಅಂತ ನಮ್ಮ ಮನೆಯಲ್ಲೇ ಕೇಳಿದವರಿದ್ದಾರೆ. ನಿಜ, ಸರ್ಕಾರದ್ದೇ ಕೆಲಸ. ಸೈನಿಕ ಕಲ್ಯಾಣ ಇಲಾಖೆ ಇದೆ, ನಿಯಮಗಳಿವೆ, ದುಡ್ಡೂ ಇದೆ. ಆದರೆ ಕಾಗದ ತಾನಾಗಿ ನಡೆದು ಸರಿಯಾದ ಟೇಬಲ್ಲಿಗೆ ಹೋಗಲ್ಲ. ಯಾರಾದರೂ ಹೊತ್ತುಕೊಂಡು ಹೋಗಬೇಕು. ಹಾಗೆ ಹೊರುವವರನ್ನು ನಾವು ಗುರುತಿಸೋದಿಲ್ಲ. ಆಗಸ್ಟ್ 15ಕ್ಕೆ ಕರೆದು ಶಾಲು ಹೊದಿಸಿ, 16ಕ್ಕೆ ಮರೀತೀವಿ. ಈಗ ಮಾವ ಇಲ್ಲ. ಆ ಅಜ್ಜಿಯರು ಯಾರ ಮನೆಗೆ ಹೋಗಬೇಕು ಅನ್ನೋದು ನನ್ನನ್ನು ಕಾಡೋ ಪ್ರಶ್ನೆ.

ಹಾಗಾಗಿ ಎರಡು ಮಾತು. ನಿಮ್ಮ ಮನೆಯಲ್ಲಿ ಮಾಜಿ ಸೈನಿಕರಿದ್ದರೆ, ಅವರು ಬದುಕಿರುವಾಗಲೇ ದಾಖಲೆಯಲ್ಲಿ ಹೆಂಡತಿಯ ಹೆಸರು ಹೇಗಿದೆ ನೋಡಿ, ತಾಳೆಯಾಗದಿದ್ದರೆ ಈಗಲೇ ಸರಿ ಮಾಡಿಸಿ. ಅವರು ಇದ್ದಾಗ ಒಂದೇ ಅರ್ಜಿ, ಹೋದ ಮೇಲೆ ಹತ್ತು. ಎರಡನೆಯದು, ಅರ್ಜಿ ಬರೆಯಲು ಬರುವವರು ತಿಂಗಳಿಗೊಂದು ಭಾನುವಾರ ತಾಲೂಕು ಕೇಂದ್ರದಲ್ಲಿ ಎಲ್ಲಾದರೂ ಕೂತುಕೊಳ್ಳಿ. ಮಧುಗಿರಿಯಲ್ಲಿ ನಾನು, ಇನ್ನಿಬ್ಬರು ಗೆಳೆಯರು ಕೂರೋದು ಅಂತ ಮಾತಾಡಿಕೊಂಡಿದ್ದೀವಿ. ಶಿರಾ, ಕೊರಟಗೆರೆ, ಪಾವಗಡದವರು ಯಾರಾದರೂ ಇದ್ದೀರಾ?