ರಜೆಯ ಪ್ರವಾಸ: ಮಾಲ್ಟಾ ದ್ವೀಪವೂ ನಮ್ಮ ತಂಗಡಗಿಯೂ

ದೇಶ ಸುತ್ತಬೇಕು, ಕೋಶ ಓದಬೇಕು ಎಂಬ ನಾಣ್ಣುಡಿಯನ್ನು ಅರಿಯದ ಗೃಹಸ್ಥರಿಲ್ಲ. ಆದರೆ ಯಾವ ದೇಶವನ್ನು ಮೊದಲು ಸುತ್ತಬೇಕೆಂಬದನ್ನು ನಮಗೆ ಕಲಿಸಿಕೊಟ್ಟವಳು ನಮ್ಮ ಮನೆಯ ಹತ್ತು ವರ್ಷದ ಮೊಮ್ಮಗಳು. ಆ ಸಂಗತಿಯನ್ನೇ ಈ ತಿಂಗಳು ವಾಚಕರ ಮುಂದಿಡುವೆವು.

ಪರದೇಶದಲ್ಲಿ ಉದ್ಯೋಗದಲ್ಲಿರುವ ನಮ್ಮ ಆಪ್ತರ ಮಗನೊಬ್ಬನು ಸಂಕ್ರಮಣಕ್ಕೆಂದು ಇಂಡಿಗೆ ಬಂದವನು, ತಾನು ಸಕುಟುಂಬನಾಗಿ ನೋಡಿಬಂದ ಮಾಲ್ಟಾ ದ್ವೀಪದ ಚಿತ್ರಗಳನ್ನು ತೋರಿಸಿದನು. ಭೂಮಧ್ಯ ಸಮುದ್ರದ ಆ ದ್ವೀಪಗಳೆಲ್ಲ ಕೂಡಿದರೂ ೩೧೬ ಚದರ ಕಿಲೋಮೀಟರು. ನಮ್ಮ ಒಂದು ತಾಲೂಕಿನಷ್ಟೂ ಆಗದು. ಆದರೂ ಅಲ್ಲಿ ಐದು ಸಾವಿರ ವರ್ಷಕ್ಕೂ ಹಳೆಯ ಶಿಲಾದೇವಾಲಯಗಳುಂಟು. ಕಡಲ ನೀರು ನೀಲಮಣಿಯಂತೆ ಹೊಳೆಯುವ ಗುಹೆಗಳುಂಟು. ೧೫೬೫ರಲ್ಲಿ ತುರ್ಕರ ದೊಡ್ಡ ಸೈನ್ಯವು ಆ ದ್ವೀಪಕ್ಕೆ ಮುತ್ತಿಗೆ ಹಾಕಿ, ಸುಮಾರು ನಾಲ್ಕು ತಿಂಗಳು ಹೆಣಗಿ, ಸೋತು ಹಿಂತಿರುಗಿತು. ದ್ವೀಪವನ್ನು ಕಾಯ್ದ ಮುಖಂಡನಾದ ಲಾ ವಾಲೆಟ್ಟನ ಹೆಸರಿನ ನಗರಕ್ಕೆ ಮರುವರ್ಷವೇ ಅಡಿಗಲ್ಲು ಬಿತ್ತು. ಸಪ್ಟಂಬರ ೮ನೆಯ ದಿನವನ್ನು ಅಲ್ಲಿಯವರು ಇಂದಿಗೂ ವಿಜಯದ ಹಬ್ಬವಾಗಿ ಆಚರಿಸುವರು.

ಎಲ್ಲವನ್ನೂ ಕೇಳಿದ ಮೊಮ್ಮಗಳು, “ಅಜ್ಜಾ, ೧೫೬೫ರಾಗ ನಮ್ಮಲ್ಲಿ ಏನಾಗಿತ್ತು?” ಎಂದಳು. ರಕ್ಕಸಗಿ-ತಂಗಡಗಿಯ ಯುದ್ಧವೆಂದು ಹೇಳಿದೆವು. “ಅದನ್ನ ನೀ ನೋಡೀಯೇನು?” ಎಂದಳು. ಅರ್ಧ ದಿನದ ಹಾದಿಯ ಆ ಸ್ಥಳವನ್ನು ಈ ವಯಸ್ಸಿನವರೆಗೆ ನಾವು ನೋಡಿರಲಿಲ್ಲ. ಆ ನಾಚಿಕೆಯೇ ನಮ್ಮನ್ನು ಹೊರಡಿಸಿತು. ಶೇಂಗಾದ ಹೋಳಿಗೆ, ಸಜ್ಜೆಯ ರೊಟ್ಟಿಗಳ ಗಂಟು ಕಟ್ಟಿಕೊಂಡು, ಅತ್ತಿಗೆಯವರನ್ನೂ ಕರೆದುಕೊಂಡು ಹೊರಟೆವು.

ಮೊದಲು ಇಂಡಿಯ ಸಮೀಪದ ಸಾಲೋಟಗಿ. ರಾಷ್ಟ್ರಕೂಟರ ಮೂರನೆಯ ಕೃಷ್ಣನ ಕಾಲದಲ್ಲಿ, ಕ್ರಿ. ಶ. ೯೪೫ರಲ್ಲಿ, ಅವನ ಮಂತ್ರಿಯಾದ ನಾರಾಯಣನು ಇಲ್ಲಿ ಒಂದು ವಿದ್ಯಾಶಾಲೆಯನ್ನು ಕಟ್ಟಿಸಿದನು. ನಾನಾ ದೇಶಗಳಿಂದ ಬಂದ ವಿದ್ಯಾರ್ಥಿಗಳಿಗಾಗಿ ೨೭ ವಸತಿಗೃಹಗಳನ್ನೂ, ದೀಪದೆಣ್ಣೆಯ ವೆಚ್ಚಕ್ಕೆಂದೇ ಬೇರೆ ಭೂಮಿಯನ್ನೂ ಬಿಟ್ಟಿದ್ದರೆಂದು ಶಾಸನವು ಹೇಳುವದು. ಊರವರು ತಮ್ಮ ಮನೆಯ ಮದುವೆಗೊಮ್ಮೆ ಐದು ನಾಣ್ಯ, ಮುಂಜಿವೆಗೆ ಅದರರ್ಧ, ಚೌಲಕ್ಕೆ ಇನ್ನೂ ಕಡಿಮೆ ಎಂಬಂತೆ ಶಾಲೆಗೆ ಕೊಡಬೇಕೆಂದು ಕಟ್ಟಳೆಯಿತ್ತು. ಇದನ್ನು ತಿಳಿಸಲು ಮೊಮ್ಮಗಳು, “ಅಕ್ಕನ ಮದುವ್ಯಾಗ ನಾವು ಸಾಲಿಗೆ ಏನು ಕೊಟ್ಟಿವಿ?” ಎಂದು ಕೇಳಿದಳು. ನಮ್ಮಲ್ಲಿ ಯಾರೂ ಉತ್ತರ ಕೊಡಲಿಲ್ಲ.

ಸಿಂದಗಿಯ ಕಡೆಯ ಎರೆಭೂಮಿಯಲ್ಲಿ ಬಿಳಿಜೋಳವು ತೆನೆಗಟ್ಟಿ ನಿಂತಿತ್ತು. ಹೊಲದವರೊಬ್ಬರು ಕರೆದು ಸೀತನಿ ತಿನ್ನಿಸಿ ಕಳಿಸಿದರು. ಡೋಣಿಯ ದಂಡೆಯ ತಾಳಿಕೋಟೆಯನ್ನು ದಾಟಿ, ಮುದ್ದೇಬಿಹಾಳದ ಮೇಲೆ ಹಾದು, ಸಂಜೆಗೆ ತಂಗಡಗಿಯನ್ನು ಸೇರಿದೆವು.

೧೫೬೫ರ ಜನವರಿ ೨೩ರಂದು ವಿಜಾಪುರ, ಅಹಮ್ಮದನಗರ, ಗೋವಳಕೊಂಡ, ಬೀದರಗಳ ಸುಲ್ತಾನರು ಒಂದುಗೂಡಿ ವಿಜಯನಗರದ ಸೈನ್ಯವನ್ನು ಮುರಿದರು. ಅಳಿಯ ರಾಮರಾಯನು ಮಡಿದನು, ಮಹಾನಗರವು ಹಾಳಾಯಿತು. ಯುದ್ಧವು ನಿಶ್ಚಯವಾಗಿ ಯಾವ ಬಯಲಿನಲ್ಲಿ ನಡೆಯಿತೆಂಬ ವಿಷಯದಲ್ಲಿ ವಿದ್ವಾಂಸರಿಗೆ ಇನ್ನೂ ಒಮ್ಮತವಿಲ್ಲ. ಊರಿನ ಹಿರಿಯರೊಬ್ಬರನ್ನು ವಿಚಾರಿಸಲು, “ಯುದ್ಧದ ಜಾಗಾ ಯಾರೂ ಕೇಳೂದಿಲ್ರಿ. ಎಲ್ಲಾರೂ ನೀಲಮ್ಮ ತಾಯಿಗಿ ಬರ್ತಾರ” ಎಂದರು. ಬಸವಣ್ಣನವರ ಪತ್ನಿ ನೀಲಾಂಬಿಕೆಯು ಕಲ್ಯಾಣದಿಂದ ಕೂಡಲಸಂಗಮಕ್ಕೆ ಬರುತ್ತಿರಲು, ಪತಿಯು ಲಿಂಗೈಕ್ಯನಾದ ಸುದ್ದಿಯನ್ನು ಇಲ್ಲಿ ಕೇಳಿ, ಇಲ್ಲಿಯೇ ಐಕ್ಯಳಾದಳೆಂದು ಐತಿಹ್ಯವುಂಟು. ರಾಜ್ಯವೊಂದು ಬಿದ್ದ ನೆಲವನ್ನು ಜನರು ಮರೆತಿರುವರು. ಒಬ್ಬ ಹೆಣ್ಣುಮಗಳು ನಿಂತ ದಂಡೆಯನ್ನು ಮರೆತಿಲ್ಲ.

ಮರುದಿನ ಕೂಡಲಸಂಗಮಕ್ಕೆ ಹೋದೆವು. ಕೃಷ್ಣೆ ಮಲಪ್ರಭೆಯರು ಕೂಡುವ ಈ ಸ್ಥಳಕ್ಕೆ ನಾರಾಯಣಪುರದ ಅಣೆಕಟ್ಟಿನ ಹಿನ್ನೀರು ಬಂದುದರಿಂದ ಐಕ್ಯಲಿಂಗದ ಸುತ್ತ ಎತ್ತರವಾದ ಗೋಡೆಯನ್ನು ಬಾವಿಯಂತೆ ಕಟ್ಟಿರುವರು. ಸೇತುವೆಯ ಮೇಲೆ ಹೋಗಿ, ಮೆಟ್ಟಿಲಿಳಿದು ದರ್ಶನ ಮಾಡಬೇಕು. “ಇದು ನಮ್ಮ ದ್ವೀಪ!” ಎಂದು ಮೊಮ್ಮಗಳು ಕೈತಟ್ಟಿದಳು.

ಕೊನೆಗೆ ಆಲಮಟ್ಟಿ, ಹಿಂದೆ ಬಾಗೇವಾಡಿ ತಾಲೂಕಿನದು, ಈಗ ನಿಡಗುಂದಿಯದು. ೧೯೬೪ರಲ್ಲಿ ಲಾಲಬಹಾದ್ದೂರ ಶಾಸ್ತ್ರಿಗಳು ಶಂಕುಸ್ಥಾಪನೆ ಮಾಡಿದ ಅಣೆಕಟ್ಟಿದು. ಉದ್ಯಾನ, ಕಾರಂಜಿಗಳು ಮನೋಹರವಾಗಿವೆ. ಚಳಿಗಾಲಕ್ಕೆ ಹಿನ್ನೀರಿನ ಅಂಚಿಗೆ ರಾಜಹಂಸಗಳ ಹಿಂಡು ಇಳಿಯುವದು. ಮಕ್ಕಳೆಲ್ಲ ಕಾರಂಜಿಯ ಕಡೆಗೆ ಓಡಿದರು. ಅತ್ತಿಗೆಯವರು ಮಾತ್ರ ನೀರನ್ನೇ ನೋಡುತ್ತ ನಿಂತರು. ಅವರ ತವರೂರು ಆ ನೀರಿನ ಕೆಳಗಿರುವದು. ಬಹಳ ಹೊತ್ತಿನ ಮೇಲೆ, “ಅಲ್ಲೇ ನೋಡ್ರಿ, ನಮ್ಮವ್ವನ ಬೀಸೂ ಕಲ್ಲಿತ್ತು” ಎಂದು ಬೊಟ್ಟುಮಾಡಿದರು. ಆ ನೀರೇ ಇಂದು ಕಾಲುವೆಯಾಗಿ ಬರಗಾಲದ ಹೊಲಗಳಿಗೆ ಹರಿಯುತ್ತಿರುವದೆಂಬದನ್ನು ಅವರೂ ಬಲ್ಲರು, ನಾವೂ ಬಲ್ಲೆವು. ಆದರೂ ಆಗ ನಮಗೆ ಮಾತು ಹೊರಡಲಿಲ್ಲ.

ಮಾಲ್ಟಾದ ನೆರೆಯ ಗೋಜೊ ದ್ವೀಪದಲ್ಲಿ ಕಡಲ ಮೇಲೆ ಬಾಗಿಲಿನಂತೆ ನಿಂತಿದ್ದ ಬಂಡೆಯ ಕಮಾನು ೨೦೧೭ರ ಮಾರ್ಚ ೮ರ ಬಿರುಗಾಳಿಗೆ ಕುಸಿದುಬಿದ್ದಿತು. ಅದರ ಚಿತ್ರಗಳಾದರೂ ಲೋಕದ ತುಂಬ ಉಳಿದಿವೆ. ಅತ್ತಿಗೆಯವರ ಊರಿಗೆ ಒಂದು ಚಿತ್ರವೂ ಇಲ್ಲ. ಇರುವದು ಅವರ ಬಾಯಿಮಾತೊಂದೇ.

ಆ ರಾತ್ರಿ ಬಸವನ ಬಾಗೇವಾಡಿಯಲ್ಲಿ ಬಸವೇಶ್ವರನ ದರ್ಶನ ಮಾಡಿ ತಂಗಿದೆವು. ದೀಪದ ಮುಂದೆ ಮೊಮ್ಮಗಳು ಪುಸ್ತಕ ತೆರೆದು ಕುಳಿತಳು. ಅತ್ತಿಗೆಯವರು ಹೇಳುತ್ತ ಹೋದಂತೆ ಅಗಸೆ, ಹಣಮಪ್ಪನ ಗುಡಿ, ಬಾವಿ, ಪಡಸಾಲೆ, ಬೀಸುವ ಕಲ್ಲು ಎಲ್ಲವನ್ನೂ ಗೆರೆಯೆಳೆದು ಬರೆದುಕೊಂಡಳು. ನಡುರಾತ್ರಿಯವರೆಗೆ ಇಬ್ಬರೂ ಮಲಗಲಿಲ್ಲ.

ದೂರದ ದ್ವೀಪಗಳಿಗೆ ಹೋಗುವ ಅನುಕೂಲವುಳ್ಳವರು ಅವಶ್ಯವಾಗಿ ಹೋಗಲಿ. ಆದರೆ ಮುಂದಿನ ಬಿಡುವಿನಲ್ಲಿ ಎರಡು ದಿನಗಳನ್ನು ತಮ್ಮ ತಾಲೂಕಿಗೂ ಮೀಸಲಿಡಬೇಕೆಂದು ವಾಚಕರಲ್ಲಿ ನಮ್ಮ ಬಿನ್ನಹ. ಹೋಗುವಾಗ ಮನೆಯ ಹಿರಿಯರೊಬ್ಬರನ್ನೂ, ಮಕ್ಕಳ ಕೈಯಲ್ಲಿ ಒಂದು ಬರೆಯುವ ಪುಸ್ತಕವನ್ನೂ ಮರೆಯದೆ ಕರೆದೊಯ್ಯಿರಿ.